*ಇಂದಿನ ಧಮ್ಮ ಚಿಂತನೆ: ಹೆಣ್ಣು ಕೇಳಲು ಬಂದಾಗ*

ದೂರದ ಬ್ರೆಜಿಲ್ ದೇಶದ ಟಿವಿಯಲ್ಲಿ ನಮ್ಮ ಕಥೆಯೊಂದು ಧಾರಾವಾಹಿಯಾಗಿ ಬಂದಿತ್ತು ಎಂದರೆ ನಂಬುತ್ತೀರಾ? ಅದರ ಹೆಸರು 'ಕಮಿನ್ಯೊ ದಾಸ್ ಇಂದಿಯಾಸ್'. ಬರೆದವರು ಗ್ಲೋರಿಯಾ ಪೆರೆಜ್. 2009ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಗ್ಲೋಬೋ ಟಿವಿಯಲ್ಲಿ ಪ್ರಸಾರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಬ್ರೆಜಿಲ್‌ನ ನಟ ನಟಿಯರು ಸೀರೆ ಉಟ್ಟು, ಪೇಟ ಸುತ್ತಿ, ರಾಜಸ್ಥಾನದ ಮನೆತನದವರಾಗಿ ನಟಿಸಿದ್ದರು. 'ದಲಿತ' ಎಂಬ ಪದ ಪೋರ್ಚುಗೀಸ್ ಮಾತಾಡುವ ಮನೆಗಳಲ್ಲಿ ಪ್ರತಿ ರಾತ್ರಿ ಕೇಳಿಸಿತು.

ಕಥೆ ಇಷ್ಟು. ಮಾಯಾ ವ್ಯಾಪಾರಿ ಜಾತಿಯ ಹುಡುಗಿ, ಕಾಲ್ ಸೆಂಟರ್‌ನಲ್ಲಿ ಕೆಲಸ. ಬಹುವಾನ್ ದಲಿತ. ಚಿಕ್ಕವನಿದ್ದಾಗ ಅವನನ್ನು ಕಾಪಾಡಿ ಸಾಕಿದವರು ಶಂಕರ್ ಎಂಬ ಬ್ರಾಹ್ಮಣ ಹಿರಿಯರು. ಓದಿ ಮುಂದೆ ಬಂದವನು. ಇಬ್ಬರಿಗೂ ಪ್ರೇಮ. ಆದರೆ ಮಾಯಾಳ ಮನೆಯವರು ಅವಳ ಮದುವೆಯನ್ನು ರಾಜ್ ಜೊತೆ ಗೊತ್ತು ಮಾಡುತ್ತಾರೆ. ಬಹುವಾನ್ ಅವಳನ್ನು ಬಿಟ್ಟು ಅಮೆರಿಕಕ್ಕೆ ಹೋಗುತ್ತಾನೆ. ಹೊಟ್ಟೆಯಲ್ಲಿರುವುದು ಬಹುವಾನ್‌ನ ಮಗು ಎಂಬ ಗುಟ್ಟನ್ನು ಮುಚ್ಚಿಟ್ಟು ಮಾಯಾ ರಾಜ್‌ನನ್ನು ಮದುವೆಯಾಗುತ್ತಾಳೆ.

ಶುರುವಿನಲ್ಲಿ ಮಾಯಾ ಮತ್ತು ಬಹುವಾನ್ ಅವರೇ ಮುಖ್ಯ ಜೋಡಿ. ಆದರೆ ನೋಡುವವರ ಮನಸ್ಸನ್ನು ರಾಜ್ ಗೆದ್ದುಬಿಟ್ಟ. ಕಥೆಯೂ ಆ ಕಡೆ ತಿರುಗಿತು. ಕೊನೆಗೆ ಮಾಯಾ ಉಳಿದದ್ದು ರಾಜ್ ಜೊತೆಗೇ. ನೋಡಿದವರ ತಪ್ಪು ಅನ್ನಲಾರೆ. ರಾಜ್ ಒಳ್ಳೆಯ ಗಂಡ, ಕಂಡವರಿಗೆ ಇಷ್ಟವಾಗುವವನು. ಆದರೆ ಒಂದು ಮಾತು ಗಮನಿಸಿ: *ಪ್ರೇಮ ದಾರಿ ಬದಲಿಸಿತು, ಗೋಡೆ ಇದ್ದಲ್ಲೇ ಉಳಿಯಿತು.*

ಆ ಗೋಡೆಯ ಕಾವಲುಗಾರ ರಾಜ್‌ನ ಅಪ್ಪ ಓಪಾಶ್. ದಲಿತರ ಗಾಳಿಯೂ ಸೋಕಬಾರದು ಎನ್ನುವವನು. ಕೊನೆಗೆ ಅವನಿಗೆ ಒಂದು ಸತ್ಯ ಗೊತ್ತಾಗುತ್ತದೆ. ತನ್ನ ನಿಜವಾದ ತಂದೆ ಶಂಕರ್! ಅಂದರೆ ತಾನು ಅಸಹ್ಯಪಟ್ಟ ಹುಡುಗ ತನ್ನ ಅಪ್ಪನ ಸಾಕುಮಗ. ಜೀವನವೆಲ್ಲ ಹುಟ್ಟಿನ ಹೆಮ್ಮೆಯಲ್ಲಿ ಮೆರೆದವನಿಗೆ ತನ್ನ ಹುಟ್ಟೇ ಗೊತ್ತಿರಲಿಲ್ಲ.

ಈ ಮನೆತನದ ಹೆಸರೇನು ಗೊತ್ತೇ? *ಆನಂದ.*

ನಮಗೆ ಆನಂದ ಎಂದರೆ ನೆನಪಾಗುವುದು ಭಂತೆ ಆನಂದರು. ಶ್ರಾವಸ್ತಿಯಲ್ಲಿ ಬಾವಿಯ ಬಳಿ ಅವರು ಪ್ರಕೃತಿ ಎಂಬ ಹುಡುಗಿಯನ್ನು ನೀರು ಕೇಳಿದರು. ತಾನು ಮಾತಂಗರ ಮಗಳು ಎಂದು ಅವಳು ಹಿಂಜರಿದಳು. ತಾನು ಕೇಳಿದ್ದು ನೀರು, ಕುಲವನ್ನಲ್ಲ ಎಂದು ಹೇಳಿ ಅವರು ನೀರು ಕುಡಿದರು. ಮುಂದೆ ಬುದ್ಧರು ಪ್ರಕೃತಿಯನ್ನು ಸಂಘಕ್ಕೆ ಸೇರಿಸಿಕೊಂಡಾಗ ಊರಿನ ದೊಡ್ಡವರು ಗಲಾಟೆ ಮಾಡಿದರು. ಆಗ ಬುದ್ಧರು ಒಂದು ಹಳೆಯ ಕಥೆ ಹೇಳಿದರು ಎಂದು 'ದಿವ್ಯಾವದಾನ'ದಲ್ಲಿದೆ.

ತ್ರಿಶಂಕು ಎಂಬ ಮಾತಂಗರ ರಾಜ. ತನ್ನ ಮಗ ಶಾರ್ದೂಲಕರ್ಣನಿಗೆ ಪುಷ್ಕರಸಾರಿ ಎಂಬ ಬ್ರಾಹ್ಮಣನ ಮಗಳನ್ನು ಕೇಳಲು ತಾನೇ ಹೋದ. ಬ್ರಾಹ್ಮಣ ಸಿಟ್ಟಿನಿಂದ ಬೈದ. ತ್ರಿಶಂಕು ತಲೆ ತಗ್ಗಿಸಲಿಲ್ಲ, ಕತ್ತಿಯನ್ನೂ ಎತ್ತಲಿಲ್ಲ. ಕೂತು ವಾದಿಸಿದ. ಬ್ರಾಹ್ಮಣನೇನು ಆಕಾಶದಿಂದ ಉದುರಿದನೇ, ಅವನೂ ತಾಯಿಯ ಗರ್ಭದಿಂದಲೇ ಬಂದವನಲ್ಲವೇ ಎಂದು ಕೇಳಿದ. ಪುಷ್ಕರಸಾರಿ ಕೊನೆಗೆ ಒಪ್ಪಿ ಮಗಳನ್ನು ಕೊಟ್ಟ.

ಆ ಕಥೆಯಲ್ಲಿ ಪೂರ್ವಜನ್ಮದ ಮಾತೂ ಇದೆ, ಅದನ್ನು ಬದಿಗಿಡೋಣ. ವಾದವನ್ನು ಹಿಡಿಯೋಣ. ಓಪಾಶ್‌ಗೆ ಹುಟ್ಟಿನ ಗುಟ್ಟು ಬಯಲಾಗಬೇಕಾಯಿತು. ಪುಷ್ಕರಸಾರಿಗೆ ವಿಚಾರ ಸಾಕಾಯಿತು. *ಜಾತಿ ಮೀರಿದ ಮದುವೆ ಗೆಲ್ಲಲು ಪ್ರೇಮಿಗಳ ಧೈರ್ಯ ಒಂದೇ ಸಾಲದು, ಹೆತ್ತವರ ತಲೆಯೊಳಗಿನ ಗೋಡೆ ಬೀಳಬೇಕು.* ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಇದನ್ನೇ ತೋರಿಸಿಕೊಟ್ಟರು. ಅಂತರ್ಜಾತಿ ವಿವಾಹವೇ ನಿಜವಾದ ಮದ್ದು, ಆದರೆ ಜಾತಿಯನ್ನು ಪವಿತ್ರ ಎನ್ನುವ ನಂಬಿಕೆ ಹೋಗದೆ ಆ ಮದ್ದು ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಇಷ್ಟು ಬರೆದವನು ನಾನೇನು ದೊಡ್ಡವನಲ್ಲ. ಕಳೆದ ವರ್ಷ ನನ್ನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ದೀಕ್ಷೆ ಪಡೆದವನು. ಕೆಲಸವಿದೆ, ಕುಡಿತವಿಲ್ಲ. ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ: "ಅವರು ಎಡಗೈಯವರೋ, ಬಲಗೈಯವರೋ?" ಮಗಳು ಏನೂ ಅನ್ನಲಿಲ್ಲ. ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಆ ದಿನ ನಮ್ಮ ಮನೆಯ ಓಪಾಶ್ ನಾನೇ ಆಗಿದ್ದೆ. ಆ ಹುಡುಗನ ಮನೆಯವರು ಮತ್ತೆ ಬರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ, ಆ ಸಮಾನತೆಗಾಗಿ ದುಡಿಯುತ್ತೇನೆ ಎಂಬುದೂ ಇದೆ. ಮೇಲಿನವರು ನಮ್ಮ ಮೇಲೆ ಕಟ್ಟಿದ ಗೋಡೆಯನ್ನು ಬೈಯುವ ನಾವು, ನಮ್ಮ ನಮ್ಮ ನಡುವೆ ಅದನ್ನೇ ಸಣ್ಣದಾಗಿ ಕಟ್ಟಿಕೊಂಡರೆ ದೀಕ್ಷೆ ಬಟ್ಟೆಗಷ್ಟೇ ಆಯಿತು, ಮನಸ್ಸಿಗೆ ಆಗಲಿಲ್ಲ.

*ಇಂದಿನ ಸಂಕಲ್ಪ:* ಮನೆಯಲ್ಲಿ ಮದುವೆಯ ಬಯೋಡೇಟಾ ಇದ್ದರೆ ತೆಗೆಯಿರಿ. ಒಳಪಂಗಡ ಎಂಬ ಸಾಲು ಇದ್ದರೆ ಅದನ್ನು ಹೊಡೆದುಹಾಕಿ. ಆಮೇಲೆ ಮಕ್ಕಳ ಮುಂದೆ ಕೂತು, ಯಾಕೆ ಹೊಡೆದುಹಾಕಿದೆ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿದೆ. ತಡವಾಗಿ ಹೇಳಿದೆ. ನೀವು ತಡಮಾಡಬೇಡಿ.

ಭಾನುವಾರದ ವಂದನೆಯ ನಂತರ ಈ ವಿಷಯವನ್ನೇ ಮಾತಾಡೋಣ. ಮಕ್ಕಳನ್ನೂ ಕರೆತನ್ನಿ.

ನಮೋ ಬುದ್ಧಾಯ 🙏 ಜೈ ಭೀಮ್ 💙