ಮುಗಿದ ಕತೆಯ ಮುಂದಿನ ಮಾತು

ಒಬ್ಬನು ಕಟ್ಟಿ ಮುಗಿಸಿದ ಲೋಕಕ್ಕೆ ಇನ್ನೊಬ್ಬನು ಬಂದು ಕೋಣೆ ಸೇರಿಸಬಹುದೆ? ವ್ಯಾಸರ ಭಾರತವನ್ನು ಪಂಪನೂ ಕುಮಾರವ್ಯಾಸನೂ ತಂತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಅದನ್ನು ಯಾರೂ ಅತಿಕ್ರಮಣವೆನ್ನಲಿಲ್ಲ. ಆದರೆ ಭಾರತ ಎಲ್ಲರ ಸೊತ್ತು. ಒಬ್ಬನೇ ಮನುಷ್ಯ ಆಯುಷ್ಯವನ್ನೆಲ್ಲ ತೇದು ಕಲ್ಪಿಸಿದ ಲೋಕದ ಮಾತು ಬೇರೆ.

ಇಂಗ್ಲೆಂಡಿನ ಟೋಲ್ಕಿನ್ ಕಲ್ಪಿಸಿದ 'ಮಿಡ್ಲ್ ಅರ್ತ್' ಅಂಥದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಹೊರಬಂದಿತು. ಕರ್ತೃ 1973ರಲ್ಲಿ ತೀರಿಕೊಂಡರು. 2007ರಲ್ಲಿ ಅದೇ ಲೋಕ ಆನ್‌ಲೈನ್ ಆಟವಾಯಿತು. ಸಾವಿರಾರು ಜನ ತಂತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಒಟ್ಟಿಗೆ ಅದರೊಳಗೆ ಸಂಚರಿಸತೊಡಗಿದರು.

ಆಟದ ಕತೆಗಾರರು ವಿವೇಕಿಗಳು. ಉಂಗುರ ಹೊತ್ತ ಫ್ರೋಡೋ ತನ್ನ ಪಾಡಿಗೆ ತನ್ನ ದಾರಿಯಲ್ಲಿ ಹೋಗುತ್ತಾನೆ, ಆಟಗಾರನು ಅವನಾಗಲಾರ. ಮೂಲದಲ್ಲಿ ಅಂಚಿಗೆ ಉಳಿದ ಅಂಗ್ಮಾರ್‌ನಂಥ ಸೀಮೆಗಳಲ್ಲಿ ಅವನಿಗೆ ಬೇರೆ ಕೆಲಸ ಕಾದಿರುತ್ತದೆ. ಇನ್ನೊಂದು ಸೂಕ್ಷ್ಮವನ್ನು ನೋಡಿ: ಸೋತ ಆಟಗಾರ ಸಾಯುವುದಿಲ್ಲ. ಅವನಲ್ಲಿ ಕುಗ್ಗುವುದು ಪ್ರಾಣವಲ್ಲ, ಧೈರ್ಯ. ಅದು ಬರಿದಾದರೆ ಹಿಮ್ಮೆಟ್ಟುತ್ತಾನೆ, ಅಷ್ಟೆ. ಸತ್ತವನು ಗಳಿಗೆಗೊಮ್ಮೆ ಎದ್ದು ಬರುವುದಾದರೆ ಟೋಲ್ಕಿನ್ನರ ಲೋಕದಲ್ಲಿ ಮರಣಕ್ಕಿರುವ ಗಾಂಭೀರ್ಯವೇ ಹೋದೀತು. ಹೊಸದನ್ನು ಸೇರಿಸುವುದು ತಪ್ಪಲ್ಲ, ಆ ಲೋಕದ ಧರ್ಮವನ್ನು ಮೀರುವುದು ತಪ್ಪು ಎಂಬ ಅರಿವು ಇಲ್ಲಿ ಕಾಣುತ್ತದೆ.

ಆದರೆ ಆ ಧರ್ಮಕ್ಕೆ ಇನ್ನೊಂದು ಮುಖವಿದೆ: ಕತೆ ಮುಗಿಯುತ್ತದೆ. ಟೋಲ್ಕಿನ್ ಮುಂದಿನ ಭಾಗವೊಂದನ್ನು ಆರಂಭಿಸಿ, ಕೆಲವೇ ಪುಟ ಬರೆದು ಕೈಬಿಟ್ಟರು. ಆಟಕ್ಕೆ ಹಾಗೆ ಕೈಬಿಡುವ ಸ್ವಾತಂತ್ರ್ಯವಿಲ್ಲ. ಅದರಲ್ಲಿ ಉಂಗುರ ನಾಶವಾದದ್ದು 2017ರಲ್ಲಿ. ಆಮೇಲೂ ಹೊಸ ಸೀಮೆಗಳು ತೆರೆದವು, ಹೊಸ ಕಾರ್ಯಗಳು ಹುಟ್ಟಿದವು. ಅಂಗಡಿ ತೆರೆದಿರುವವರೆಗೆ ಸರಕು ಬರಲೇಬೇಕಷ್ಟೆ.

ಹಾಗಾದರೆ ಮುಂದುವರಿಸುವುದೇ ಅಪಚಾರವೆ? ಅಲ್ಲವೆಂದು ಮೂಲವೇ ಹೇಳುತ್ತದೆ. ಉಂಗುರ ಕರಗಿದೊಡನೆ ಅಲ್ಲಿಯೂ ಕತೆ ನಿಲ್ಲುವುದಿಲ್ಲ. ಫ್ರೋಡೋ ಊರಿಗೆ ಮರಳಿದಾಗ ಊರೇ ಹಾಳಾಗಿರುತ್ತದೆ. ದುಷ್ಟರನ್ನು ಓಡಿಸಿ, ಬಿದ್ದ ಮನೆಗಳನ್ನು ಮತ್ತೆ ಎತ್ತಿ, ಕಡಿದ ಮರಗಳ ಜಾಗದಲ್ಲಿ ಸಸಿ ನೆಡಬೇಕಾಗುತ್ತದೆ. ಊರು ಚಿಗುರುತ್ತದೆ, ಫ್ರೋಡೋನ ಗಾಯ ಮಾತ್ರ ಮಾಯುವುದಿಲ್ಲ. ಗೆಲುವಿನ ಅನಂತರ ಉಳಿಯುವ ಈ ದುಡಿಮೆ, ಈ ನೋವು, ಎಷ್ಟು ಹೇಳಿದರೂ ತೀರುವಂಥದಲ್ಲ.

ಅಪಾಯವಿರುವುದು ಬೇರೆಡೆ. ಯುದ್ಧದ ಹುರುಪು ಆರದಿರಲೆಂದು ಹಳೆಯ ವೈರಿಯಷ್ಟೇ ದೊಡ್ಡ ಹೊಸ ವೈರಿಯನ್ನು ವರ್ಷವರ್ಷವೂ ಸೃಷ್ಟಿಸುತ್ತ ಹೋದರೆ, ಫ್ರೋಡೋ ತನ್ನ ಬಾಳಿನ ನೆಮ್ಮದಿಯನ್ನೇ ತೆತ್ತು ಕೊಂಡದ್ದು ಏನು? ಬೆಲೆ ಕೊಟ್ಟವನು ಅವನು. ಕೊಂಡ ವಸ್ತುವನ್ನು ನಾವು ಸುಳ್ಳು ಮಾಡಿದಂತಾಗುವುದಿಲ್ಲವೆ?

ಪರರ ಕತೆಯನ್ನು ಮುಂದುವರಿಸುವವನು ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡರೆ ಸಾಕು: ಹಿಂದಿನವರು ಮಾಡಿದ ತ್ಯಾಗ ನನ್ನ ಸೇರ್ಪಡೆಯಿಂದ ಇನ್ನಷ್ಟು ಸಾರ್ಥಕವಾಯಿತೋ, ವ್ಯರ್ಥವಾಯಿತೋ? ಕತೆಗಾರರಿಗಷ್ಟೇ ಅಲ್ಲ, ಹಿರಿಯರ ಗಳಿಕೆಯನ್ನು ಪಡೆದು ಬಾಳುವ ನಮಗೂ ಈ ಪ್ರಶ್ನೆ ಸಲ್ಲುತ್ತದೆ.