ಪರದೇಶಿಯ ಕಣ್ಣು

ಹಿಂದೆ ನನ್ನ ಬಳಿ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಮೂರು ವರ್ಷಗಳಿಂದ ಮಾಲ್ಟಾ ದ್ವೀಪದ ಒಂದು ವೃದ್ಧಾಶ್ರಮದಲ್ಲಿ ದುಡಿಯುತ್ತಿದ್ದಾನೆ. ನಮ್ಮ ಕರಾವಳಿಯ ಮನೆಗಳಲ್ಲಿ ಪರದೇಶವೆಂದರೆ ದುಬೈ, ಜಿದ್ದಾ, ದಮ್ಮಾಮ್. ಮಾಲ್ಟಾ ಎಲ್ಲಿದೆಯೆಂದು ಅವನ ತಾಯಿಗೆ ನಾನು ನಕ್ಷೆ ತೆರೆದು ತೋರಿಸಬೇಕಾಯಿತು. ಇಟೆಲಿಯ ಸಿಸಿಲಿಗೆ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ರಾಷ್ಟ್ರವದು. ಅದರ ದ್ವೀಪಗಳೆಲ್ಲ ಸೇರಿದರೂ 316 ಚದರ ಕಿಲೋಮೀಟರ್ ಮಾತ್ರ.

ಮೊದಲ ವರ್ಷ ಅವನು ನನಗೆ ಕಳುಹಿಸಿದ ಮಾತುಗಳಲ್ಲಿ ಎರಡೇ ವಿಷಯಗಳಿದ್ದವು. ಒಂದು ದೂರು, ಇನ್ನೊಂದು ಹೆಮ್ಮೆ. ಬೇಸಿಗೆಯಲ್ಲಿ ಊರೂರಿಗೆ ಸಂತರ ಹಬ್ಬ, ಮೆರವಣಿಗೆ, ಪಟಾಕಿ, ಮದ್ಯ. ನಮಾಝಿಗೆ ಮಸೀದಿ ಹುಡುಕಿದರೆ ದೂರದ ಪಾವೊಲಾ ಪಟ್ಟಣಕ್ಕೆ ಹೋಗಬೇಕು ಎಂಬುದು ದೂರು. ಹೆಮ್ಮೆಗೆ ಕಾರಣ ಬೇರೆ. "ಉಸ್ತಾದ್, ಇಲ್ಲಿನ ಊರುಗಳ ಹೆಸರು ಕೇಳಿ: ಮದೀನಾ ಎನ್ನುವಂತೆ ಮ್ದೀನಾ, ರಬಾತ್, ಆಲಿವ್ ಹಣ್ಣಿನ ಹೆಸರಿನ ಝೈತೂನ್. ಇದೆಲ್ಲ ಒಂದು ಕಾಲದಲ್ಲಿ ನಮ್ಮದೇ ಆಗಿತ್ತು" ಎಂದಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಕ್ರಿ.ಶ. 870ರಲ್ಲಿ ಅರಬರು ಮಾಲ್ಟಾವನ್ನು ಗೆದ್ದರು. 1091ರಲ್ಲಿ ನಾರ್ಮನ್ನರು ಬಂದರು. ಆಳ್ವಿಕೆ ಹೋಯಿತು, ಕಾಲಕ್ರಮದಲ್ಲಿ ಧರ್ಮವೂ ಬದಲಾಯಿತು, ಆದರೆ ನುಡಿ ಉಳಿಯಿತು. ಇಂದಿನ ಮಾಲ್ಟೀಸ್ ಭಾಷೆ ಅರಬಿಯ ಬೇರಿನಿಂದ ಚಿಗುರಿ, ಲ್ಯಾಟಿನ್ ಲಿಪಿಯಲ್ಲಿ ಬರೆಯಲ್ಪಡುವ ಭಾಷೆ. ಅಲ್ಲಿನ ಕೆಥೊಲಿಕ್ ಕ್ರೈಸ್ತರು ದೇವನನ್ನು 'ಅಲ್ಲಾ' ಎಂದೇ ಕರೆಯುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ 'ರಂದಾನ್' ಎಂದು ಹೆಸರು. ನಾನೂ ಇದನ್ನು ಕೇಳಿ ಹಿಗ್ಗಿದೆನೆಂದು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳಿದ್ದೆ ಕೂಡಾ.

ಎರಡನೆಯ ವರ್ಷ ಒಂದು ರಾತ್ರಿ ಅವನ ಕರೆ ಬಂತು. ಧ್ವನಿ ಕುಗ್ಗಿತ್ತು. ಅವನ ಪಾಳಿಯಲ್ಲಿ ಹಾಸಿಗೆ ಹಿಡಿದ ಒಬ್ಬ ವೃದ್ಧೆಯಿದ್ದರು. ಬೆನ್ನಿನಲ್ಲಿ ಹುಣ್ಣಾಗದಂತೆ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಿ, ಪುಸ್ತಕದಲ್ಲಿ ಸಹಿ ಹಾಕಬೇಕು. ಅಂದು ಅವನು ನಿದ್ದೆ ಹೋಗಿದ್ದ. ಬೆಳಗಾಗುವ ಮುನ್ನ ಎದ್ದು, ಮಾಡದ ಕೆಲಸಕ್ಕೆಲ್ಲ ಒಟ್ಟಿಗೆ ಸಹಿ ಹಾಕಿದ. ಅನಂತರ ಅವರನ್ನು ಹೊರಳಿಸುವಾಗ ನೋಡಿದರೆ ಬೆನ್ನಿನ ಚರ್ಮ ಕೆಂಪಗೆ ಕಂದಿತ್ತು. ಏನೂ ಅರಿಯದ ಆ ತಾಯಿ ಅವನ ಕೈ ಹಿಡಿದು, "ಅಲ್ಲಾ ಯಿಬೆರ್ಕೆಕ್" ಎಂದರು. ಅಲ್ಲಾಹನು ನಿನ್ನನ್ನು ಹರಸಲಿ ಎಂದು ಅರ್ಥ.

"ಉಸ್ತಾದ್, ಆ ಹೆಸರು ನಮ್ಮದೆಂದು ನಾನು ಎಷ್ಟು ಬೀಗಿದ್ದೆ! ಆ ಹೆಸರಿನಲ್ಲೇ ಅವರು ನನ್ನನ್ನು ಹರಸಿದರು. ನಾನು ಆ ಹೆಸರಿಗೆ ಮೋಸ ಮಾಡಿದೆ" ಎಂದು ಅತ್ತ.

ನಾನು ಅವನಿಗೆ ಹೇಳಿದ್ದು ಇಷ್ಟೇ: ತೌಬಾ ಮಾಡು, ಆದರೆ ತೌಬಾ ಹೆಸರಿನಲ್ಲಿ ವಿಷಯ ಮುಚ್ಚಿಡಬೇಡ. ಆ ಬೆನ್ನಿಗೆ ಔಷಧಿ ಬೇಕಲ್ಲವೇ? ಅವನು ಮೇಲ್ವಿಚಾರಕಿಯ ಬಳಿ ಹೋಗಿ ಇದ್ದುದನ್ನು ಇದ್ದಂತೆ ಹೇಳಿದ. ಕೆಲಸ ಉಳಿಯಿತು, ಎಚ್ಚರಿಕೆಯ ಪತ್ರ ಸಿಕ್ಕಿತು. ವೃದ್ಧೆಗೆ ಕೂಡಲೇ ಚಿಕಿತ್ಸೆ ದೊರೆಯಿತು.

ಪರದೇಶಕ್ಕೆ ಹೋದವನು ಆ ನಾಡನ್ನು ಯಾವ ಕಣ್ಣಿನಿಂದ ನೋಡಬೇಕು? ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕಣ್ಣುಗಳಿವೆ. ಒಂದು ಅಲ್ಲಿನವರ ತಪ್ಪುಗಳನ್ನು ಎಣಿಸುತ್ತದೆ, ಇನ್ನೊಂದು ನಮ್ಮ ಪೂರ್ವಿಕರ ವೈಭವವನ್ನು ಹುಡುಕುತ್ತದೆ. ಎರಡರಲ್ಲೂ ಒಂದು ಅನುಕೂಲವಿದೆ: ನಮ್ಮನ್ನು ನಾವು ನೋಡಿಕೊಳ್ಳಬೇಕಾಗಿಲ್ಲ!

ಮಕ್ಕಾದ ಹಿಂಸೆಯಿಂದ ಪಾರಾಗಲು ಸಹಾಬಿಗಳನ್ನು ಅಬಿಸೀನಿಯಾಕ್ಕೆ ಕಳುಹಿಸುವಾಗ ಪ್ರವಾದಿ(ಸ) ಅವರು ಮೊದಲು ತಿಳಿಸಿದ್ದು ಆ ನಾಡಿನ ಒಳಿತನ್ನು. ಅಲ್ಲಿನ ಕ್ರೈಸ್ತ ದೊರೆಯ ಬಳಿ ಯಾರಿಗೂ ಅನ್ಯಾಯವಾಗದು ಎಂದರು. ಒಂದು ಜನಾಂಗದ ಮೇಲಿನ ಅಸಮಾಧಾನ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂಬುದು ಕುರ್‌ಆನಿನ ಶಿಕ್ಷಣ. ನ್ಯಾಯವೆಂದರೆ ಹೊಗಳಿಕೆಯೂ ಅಲ್ಲ. ಬಾಡಿಗೆಗೆ ಕೋಣೆ ಕೇಳಿದಾಗ ತನ್ನ ಮೈಬಣ್ಣ ನೋಡಿ ಬಾಗಿಲು ಮುಚ್ಚಿದವರೂ ಮಾಲ್ಟಾದಲ್ಲಿದ್ದಾರೆಂದು ಹುಡುಗ ಹೇಳುತ್ತಾನೆ. ಅದೂ ಸತ್ಯ. 2015ರ ಎಪ್ರಿಲ್‌ನಲ್ಲಿ ಲಿಬಿಯಾದಿಂದ ಹೊರಟ ವಲಸಿಗರ ಹಡಗು ಮುಳುಗಿ ನೂರಾರು ಮಂದಿ ಸತ್ತಾಗ, ದಡಕ್ಕೆ ತಂದ ಹೆಸರು ತಿಳಿಯದ 24 ಶವಗಳ ಮುಂದೆ ಅಲ್ಲಿನ ಬಿಷಪರೂ ಇಮಾಮರೂ ಜೊತೆಯಾಗಿ ನಿಂತು ಪ್ರಾರ್ಥಿಸಿ, ಗೌರವದಿಂದ ಮಣ್ಣು ಮಾಡಿಸಿದರು. ಇದೂ ಸತ್ಯ. ನ್ಯಾಯವಂತನ ನಾಲಗೆ ಎರಡನ್ನೂ ಹೇಳಬೇಕು.

ಕಳೆದ ಸಲ ರಜೆಯಲ್ಲಿ ಬಂದಾಗ ಅವನು ಗೋಝೋ ದ್ವೀಪದ ವಸ್ತುಸಂಗ್ರಹಾಲಯದಲ್ಲಿ ನೋಡಿದ ಒಂದು ಕಲ್ಲಿನ ಬಗ್ಗೆ ಹೇಳಿದ. 1174ರಲ್ಲಿ ತೀರಿಕೊಂಡ ಮೈಮೂನಾ ಎಂಬಾಕೆಯ ಗೋರಿಯ ಅಮೃತಶಿಲೆಯದು. ಒಂದು ಬದಿಯಲ್ಲಿ ಕೂಫಿ ಲಿಪಿಯ ಬರಹವಿದೆ. ಮರಣದಿಂದ ಯಾರಿಗೂ ಬಿಡುಗಡೆಯಿಲ್ಲ ಎಂಬುದೇ ಅದರ ಸಾರ. ಹಿಂಬದಿಯಲ್ಲಿ ರೋಮನ್ನರ ಕೆತ್ತನೆಯಿದೆ. ರೋಮನ್ನರು ಬಿಟ್ಟುಹೋದ ಕಲ್ಲನ್ನು ಮುಸ್ಲಿಮರು ಬಳಸಿಕೊಂಡರು. ಇಂದು ಕ್ರೈಸ್ತರು ಅದನ್ನು ಜೋಪಾನವಾಗಿ ಕಾಯುತ್ತಿದ್ದಾರೆ. ಹಾಗಾದರೆ ಕಲ್ಲು ಯಾರದ್ದು? ದ್ವೀಪ ಯಾರದ್ದು?

ಈ ಲೋಕದಲ್ಲಿ ಪರದೇಶಿಯಂತೆ, ದಾರಿಹೋಕನಂತೆ ಬಾಳಬೇಕೆಂದು ಪ್ರವಾದಿ(ಸ) ಅವರು ಅಬ್ದುಲ್ಲಾ ಬಿನ್ ಉಮರ್(ರ) ಅವರ ಭುಜ ಹಿಡಿದು ಉಪದೇಶಿಸಿದ್ದರು. ಮದ್ರಸದಲ್ಲಿ ಎಷ್ಟೋ ಸಲ ಕಲಿಸಿದ ಆ ಹದೀಸಿನ ಅರ್ಥ ನನಗೆ ಈ ಹುಡುಗನಿಂದ ಇನ್ನಷ್ಟು ತಿಳಿಯಿತು. ದಾರಿಹೋಕನಿಗೆ ನೆಲದ ಮೇಲೆ ಹಕ್ಕಿಲ್ಲ, ಕೈಗೆ ಬಂದ ಅಮಾನತಿನ ಹೊಣೆಯಿದೆ. ಪೂರ್ವಿಕರು ಒಂದು ದ್ವೀಪದಲ್ಲಿ ತಮ್ಮ ನುಡಿಯನ್ನು ಬಿಟ್ಟುಹೋದರು. ನಾವು ಅಲ್ಲಿ ಏನನ್ನು ಬಿಟ್ಟುಬರುತ್ತೇವೆ? ಸುಳ್ಳು ಸಹಿಯನ್ನೋ, ನಡುರಾತ್ರಿ ಎದ್ದು ಮಗ್ಗುಲು ಬದಲಿಸಿದ ಕೈಗಳ ನೆನಪನ್ನೋ?

ನಮ್ಮಲ್ಲಿ ಬಹುತೇಕ ಮನೆಗಳ ಒಬ್ಬನಾದರೂ ಹೊರನಾಡಿನಲ್ಲಿದ್ದಾನೆ. ಅವನ ಕರೆ ಬಂದಾಗ ಸಂಬಳ ಬಂತೇ, ಊಟ ಆಯಿತೇ, ರಜೆ ಯಾವಾಗ ಎಂದು ಕೇಳುತ್ತೇವೆ. ಕೇಳಲೇಬೇಕು. ಅದರ ಜೊತೆ ಇನ್ನೊಂದು ಮಾತನ್ನೂ ಸೇರಿಸೋಣ: ಮಗನೇ, ನಿನ್ನನ್ನು ನಂಬಿದವರು ಅಲ್ಲಿ ಕ್ಷೇಮವಾಗಿದ್ದಾರೆಯೇ?