ಮಗುವಿನ ಬಾಯಲ್ಲಿ ಯಾರ ಮಾತು?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ಒಂದೆಡೆ ಸೇರಿದಾಗಲೆಲ್ಲ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ: ಮಕ್ಕಳನ್ನು ಮಾತನಾಡಿಸುವುದು ಹೇಗೆ? ಬರೆಯಲು ಹೇಳಿದರೆ ಪುಟ ತುಂಬಿಸುವ ಮಗು, ಎದ್ದು ನಿಂತು ನಾಲ್ಕು ವಾಕ್ಯ ಹೇಳೆಂದರೆ ನೆಲ ನೋಡುತ್ತದೆ. ರಜಾಕಾಲದ ತರಬೇತಿಗಳಲ್ಲಿ, ಕ್ಲಸ್ಟರ್ ಸಭೆಗಳಲ್ಲಿ ಒಬ್ಬೊಬ್ಬರೂ ತಮ್ಮ ಉಪಾಯಗಳನ್ನು ಹಂಚಿಕೊಳ್ಳುತ್ತಾರೆ. ಚಿತ್ರ ತೋರಿಸಿ ಕತೆ ಕಟ್ಟಿಸುವವರಿದ್ದಾರೆ. ಬೆಳಗಿನ ಅಸೆಂಬ್ಲಿಯಲ್ಲಿ ಪತ್ರಿಕೆ ಓದಿಸುವುದರ ಬದಲು, ಓದಿದ ಸುದ್ದಿಯನ್ನು ಪತ್ರಿಕೆ ಮಡಚಿಟ್ಟು ಸ್ವಂತ ಮಾತಿನಲ್ಲಿ ಹೇಳಿಸುವವರಿದ್ದಾರೆ. ಮನೆಯಿಂದ ಹಳೆಯ ವಸ್ತುವೊಂದನ್ನು ತರಿಸಿ ಅದರ ಕತೆ ಕೇಳುವವರೂ ಇದ್ದಾರೆ. ಎಲ್ಲವೂ ಉಪಯುಕ್ತವೇ. ಆದರೆ ಈ ಉಪಾಯಗಳ ಅಡಿಯಲ್ಲಿ ಧರ್ಮಸೂಕ್ಷ್ಮದ ಒಂದು ಪ್ರಶ್ನೆ ಇದೆ. ಅದನ್ನು ನಾವು ಹೆಚ್ಚಾಗಿ ಎತ್ತುವುದಿಲ್ಲ. ಮಗುವಿಗೆ ನಾವು ಕಲಿಸುತ್ತಿರುವುದು ಮಾತನಾಡುವುದನ್ನೋ, ನಮ್ಮ ಮಾತನ್ನು ಆಡುವುದನ್ನೋ?

ಈ ಪ್ರಶ್ನೆ ಎಲ್ಲ ಶಾಲೆಗಳಿಗೂ ಸಲ್ಲುವಂಥದೇ. ಗಡಿನಾಡಿನಲ್ಲಿ ಮಾತ್ರ ಇದಕ್ಕೆ ಇನ್ನಷ್ಟು ಹರಿತವಿದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡ ತರಗತಿಯೊಂದು ಉಳಿಯುವುದೆಂದರೆ ಬೆಂಚಿನ ಮೇಲೆ ಕುಳಿತ ಮಕ್ಕಳ ಎಣಿಕೆ. ಶಾಲೆ ತೆರೆದ ಆರನೆಯ ಕೆಲಸದ ದಿನದಂದು ತಲೆ ಎಣಿಸಿದಾಗ ಸಿಗುವ ಸಂಖ್ಯೆಯ ಮೇಲೆ ಡಿವಿಷನ್ನೂ ಹುದ್ದೆಯೂ ನಿಲ್ಲುತ್ತವೆ. ಹೀಗಾಗಿ ಮಗು ಮೊದಲು ನಮಗೆ ಸಂಖ್ಯೆಯಾಗುತ್ತದೆ; ಅನಂತರ, ಸಭೆ ಸಮಾರಂಭಗಳಲ್ಲಿ, ಕನ್ನಡ ಇನ್ನೂ ಬದುಕಿದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಅದು ಮಗುವಾಗಿ ಉಳಿಯಲು ಸಿಗುವ ಎಡೆ ಕಡಿಮೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ನಮ್ಮ ಹೋರಾಟಗಳಿಗೆ ಅದು ಆಸರೆ. ಆದರೆ ತರಗತಿಯೊಳಗೆ ಕಾಲಿಟ್ಟರೆ ಮಾತೃಭಾಷೆಯೆಂಬ ಪದ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ಮೂವತ್ತು ಮಕ್ಕಳಿರುವಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಕರಾಡ, ಬ್ಯಾರಿ, ಮಲಯಾಳ ಮನೆಮಾತಿನವರೆಲ್ಲ ಇರುತ್ತಾರೆ. ಇದೇನೂ ಹೊಸತಲ್ಲ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡದಲ್ಲಿ ಬರೆದಂತೆ ತುಳುವಿನಲ್ಲೂ ಬರೆದರು. ಇಲ್ಲಿ ಬಹುಮಂದಿಗೆ ಕನ್ನಡ ತಾಯಿಯಿಂದ ಬಂದದ್ದಲ್ಲ, ಊರಿನಿಂದ ಬಂದದ್ದು, ಶಾಲೆಯಿಂದ ಬಂದದ್ದು, ಒಲಿದು ಪಡೆದದ್ದು. ಒಲಿದು ಪಡೆಯಬೇಕಾದ ಭಾಷೆಯನ್ನು ಗದರಿಸಿ ಕೊಡಲಾಗದು.

ಇಲ್ಲಿಂದಲೇ ತಿದ್ದುವಿಕೆಯ ಪ್ರಶ್ನೆ ಹುಟ್ಟುತ್ತದೆ. ಹವ್ಯಕ ಮನೆಯ ಮಗುವೊಂದು "ಆನು ನಿನ್ನೆ ಅಜ್ಜನ ಮನೆಗೆ ಹೋದೆ" ಎಂದು ಆರಂಭಿಸಿದರೆ, "ಆನು ಅಲ್ಲ, ನಾನು" ಎಂಬ ಮಾತು ಅಧ್ಯಾಪಕರ ಬಾಯಿಂದ ತಾನಾಗಿ ಹೊರಡುತ್ತದೆ. ಅಜ್ಜನ ಮನೆಯಲ್ಲಿ ಏನಾಯಿತೆಂಬುದು ಅಲ್ಲಿಗೆ ನಿಂತಿತು. ತಪ್ಪೆನಿಸಿದ ಆ ಪದವಾದರೂ ಎಂಥದು? ಪಂಪನ ಕನ್ನಡದಲ್ಲಿ 'ನಾನು' ಎನ್ನುವುದು 'ಆನ್'. ಸಾವಿರ ವರ್ಷಗಳಿಂದ ಅಡುಗೆಮನೆಯಲ್ಲಿ ಉಳಿದುಬಂದ ಸೊತ್ತನ್ನು ನಾವು ಕೆಂಪು ಶಾಯಿಯಿಂದ ಹೊಡೆದುಹಾಕಿ, ಪ್ರೌಢಶಾಲೆಗೆ ಬಂದಾಗ ಅದನ್ನೇ ಹಳಗನ್ನಡವೆಂದು ಅರ್ಥ ಬರೆಸುತ್ತೇವೆ! ಶಿಷ್ಟ ಕನ್ನಡ ಬೇಡವೆಂದು ಇದರ ಅರ್ಥವಲ್ಲ. ಗಡಿಯಾಚೆಯ ಕಾಲೇಜಿಗೆ ಹೋಗುವ ಮಗುವಿಗೆ ಅದು ಬೇಕೇ ಬೇಕು. ಅದನ್ನು ಕೊಡದಿರುವುದು ವಂಚನೆಯಾದೀತು. ಆದರೆ ಮಾತು ಮುಗಿಯುವವರೆಗೆ ಕಾಯುವುದು, ಮುಗಿದ ಮೇಲೆ ಅದೇ ವಾಕ್ಯವನ್ನು ಶಿಷ್ಟರೂಪದಲ್ಲಿ ನಾವೇ ಒಮ್ಮೆ ಹೇಳಿ ಮುಂದೆ ಕೇಳುವುದು, ಇಷ್ಟು ಸಾಧ್ಯವಿದೆ. ಮಗುವಿನ ಮಾತಿಗೆ ಉತ್ತರ ಕೊಡದೆ ವ್ಯಾಕರಣಕ್ಕೆ ಮಾತ್ರ ಉತ್ತರ ಕೊಡುವುದು ಒಂದು ಬಗೆಯ ಅಗೌರವವೆಂದೇ ನಮ್ಮ ಭಾವನೆ.

ಇದಕ್ಕಿಂತ ತೊಡಕಿನದು ಭಾಷಣಸ್ಪರ್ಧೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಭಾಷಣಕ್ಕೂ ಕಂಠಪಾಠಕ್ಕೂ ಸ್ಥಾನವಿರುವುದು ಸಂತೋಷದ ಸಂಗತಿ. ಸಂಘ ಸಂಸ್ಥೆಗಳೂ ಸ್ಪರ್ಧೆ ಏರ್ಪಡಿಸುತ್ತವೆ. ವಿಷಯವನ್ನು ಮೊದಲೇ ಪ್ರಕಟಿಸುವ ಸ್ಪರ್ಧೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು: ಹಿರಿಯರೊಬ್ಬರು ಬರೆಯುತ್ತಾರೆ, ಮಗು ಉರುಹೊಡೆಯುತ್ತದೆ, ಕೈ ಎಲ್ಲಿ ಎತ್ತಬೇಕೆಂಬುದೂ ಅಭ್ಯಾಸವಾಗಿರುತ್ತದೆ. ಕನ್ನಡವೇ ನನ್ನ ಉಸಿರೆಂದು ಘೋಷಿಸಿದ ಮಗು ಕೆಳಗಿಳಿದು ಗೆಳತಿಯೊಡನೆ ಮಲಯಾಳದಲ್ಲಿ ಹರಟುತ್ತದೆ. ಹರಟುವುದರಲ್ಲಿ ತಪ್ಪಿಲ್ಲ, ನಾಲ್ಕು ಭಾಷೆ ಬಲ್ಲ ಮಗು ಭಾಗ್ಯವಂತ. ಪ್ರಶ್ನೆ ಇರುವುದು ವೇದಿಕೆಯ ಮೇಲಿನ ಆ 'ನನ್ನ' ಎಂಬ ಪದದಲ್ಲಿ.

ಕಂಠಪಾಠದಿಂದ ಧೈರ್ಯ ಬರುತ್ತದೆ, ನಾಲಿಗೆ ತಿರುಗುತ್ತದೆ ಎನ್ನುವವರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಪದ್ಯವನ್ನು ಬಾಯಿಪಾಠ ಮಾಡುವುದು ಬೇರೆ. ಅದು ಕವಿಯದೆಂದು ಎಲ್ಲರಿಗೂ ತಿಳಿದಿರುತ್ತದೆ. ಪರರು ಬರೆದ ಅಭಿಪ್ರಾಯವನ್ನು ತನ್ನದೆಂದು ಸಭೆಯ ಮುಂದಿಟ್ಟು ಬಹುಮಾನ ಪಡೆಯುವುದು ಬೇರೆ. ಮಾತು ಎಂದರೆ ಇದೇ ಎಂದು ಹತ್ತು ವರ್ಷದ ಮಗು ನಂಬಿಬಿಟ್ಟರೆ, ಮುಂದೆ ಅದಕ್ಕೆ ಹೇಳಲು ಏನಾದರೂ ಇರುವ ದಿನ ಬಂದಾಗ ಯಾರಾದರೂ ಬರೆದುಕೊಡಲೆಂದು ಕಾಯುತ್ತ ಕುಳಿತೀತು.

ಇದಕ್ಕೆ ಮದ್ದನ್ನು ದೂರ ಹುಡುಕಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಬೆಳೆದ ಮಣ್ಣು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ ಮಾತ್ರ ಮೊದಲೇ ಇರುವಂಥದು. ಅದರ ಮೇಲೆ ಕಟ್ಟುವ ಅರ್ಥ ಪೂರ್ತಿ ಕುಳಿತವರದು, ಆ ಕ್ಷಣದ್ದು. ಎದುರಾಳಿ ಯಾವ ಕಡೆಯಿಂದ ಕೇಳುತ್ತಾನೆಂದು ತಿಳಿಯದು, ಆದುದರಿಂದ ಆಡುವುದಕ್ಕಿಂತ ಮೊದಲು ಕೇಳಲೇಬೇಕು. ಕೆಲವು ಅಧ್ಯಾಪಕರು ಇದನ್ನು ತರಗತಿಗೆ ಇಳಿಸಿದ್ದಾರೆ. ವಾಲಿವಧೆಯ ಒಂದು ಸಂದರ್ಭವನ್ನು ವಿವರಿಸಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿಯಾದ ಮಗು ಕೇಳಬೇಕು, ರಾಮನಾದ ಮಗು ಉತ್ತರಿಸಬೇಕು. ಮರುದಿನ ಪಾತ್ರ ಅದಲುಬದಲು. ನೆಲ ನೋಡುತ್ತಿದ್ದ ಮಕ್ಕಳು ಸಿಟ್ಟಿನಿಂದ ಮುಖವೆತ್ತುವುದನ್ನು ಅಲ್ಲಿ ಕಾಣಬಹುದು. ಅನ್ಯಾಯದ ಅನುಭವ ಯಾವ ಮಗುವಿಗಿಲ್ಲ?

ನಂಬದ ಪಕ್ಷವನ್ನು ವಾದಿಸುವುದೂ ಸುಳ್ಳಲ್ಲವೇ ಎಂದು ಕೇಳಬಹುದು. ಅಲ್ಲವೆಂದೇ ನಮಗೆ ತೋರುತ್ತದೆ. ತಾಳಮದ್ದಳೆಯಲ್ಲಿ ಪಾತ್ರ ತನ್ನದಲ್ಲವೆಂಬುದು ಸಭೆಗೆ ತಿಳಿದಿದೆ, ಮಾತು ಮಾತ್ರ ತನ್ನದು. ಉರುಹೊಡೆದ ಭಾಷಣದಲ್ಲಿ ಪಾತ್ರ ತನ್ನದೆಂದು ಸಭೆ ನಂಬಿದೆ, ಮಾತು ಮಾತ್ರ ಬೇರೆಯವರದು. ಗೆಲ್ಲುವ ಚಪಲದ ಅಪಾಯ ಮೊದಲನೆಯದರಲ್ಲೂ ಇದ್ದೇ ಇದೆ. ಪಾತ್ರ ಬದಲಿಸುವುದು ಅದಕ್ಕೆ ಸ್ವಲ್ಪ ಕಡಿವಾಣ.

ಆದರೆ ಮಾತು ಕಲಿತ ಮಗು ವಾಲಿಯ ಪ್ರಶ್ನೆಯನ್ನು ರಾಮನಿಗೆ ಮಾತ್ರ ಕೇಳುವುದಿಲ್ಲ. ಸಭೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಹೇಳಿದ ಘಟನೆ ಇದು. ಇಂಥ ಅಭ್ಯಾಸ ನಡೆಯುತ್ತಿದ್ದ ಏಳನೆಯ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು, "ಟೀಚರೇ, ನನ್ನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ ಯಾರೂ ನನ್ನನ್ನು ಕೇಳಲಿಲ್ಲ. ಅಕ್ಕ ಪ್ಲಸ್ ಟು ಮುಗಿಸಿ ಅರ್ಜಿ ತುಂಬಲು ಬೇರೆಯವರ ಮನೆಗೆ ಹೋಗುತ್ತಾಳೆ. ನಾನು ಕನ್ನಡವನ್ನು ಉಳಿಸಬೇಕು ಎನ್ನುತ್ತೀರಿ. ಕನ್ನಡ ನನ್ನನ್ನು ಉಳಿಸುತ್ತದೆಯೇ?" ಎಂದಳಂತೆ. ಸಭೆ ಒಂದು ಕ್ಷಣ ಮೌನವಾಯಿತು. ಮಕ್ಕಳ ತಲೆಯಲ್ಲಿ ಇಂಥದು ಬೆಳೆಯಬಾರದು, ಎಣಿಕೆಯ ದಿನ ಹತ್ತಿರವಿದೆ ಎಂದು ಒಬ್ಬರು. ಆಕೆ ಕೇಳಿದ್ದು ಅಚ್ಚ ಕನ್ನಡದಲ್ಲಲ್ಲವೇ ಎಂದು ಮತ್ತೊಬ್ಬರು ನಕ್ಕರು.

ಆ ನಗುವಿನಲ್ಲಿ ಸಮಾಧಾನ ಪಡೆಯಲು ನಮಗಾಗದು. ಅಷ್ಟು ಚೆನ್ನಾಗಿ ಮಾತನಾಡಿದ ಮಗುವಿಗೆ ಭೇಷ್ ಎಂದು ಚಪ್ಪಾಳೆ ತಟ್ಟಿ ಕುಳ್ಳಿರಿಸಿದರೆ, ಅದು ಬಾಯಿ ಮುಚ್ಚಿಸುವ ಇನ್ನೊಂದು ರೀತಿ. ಮಾತಿಗೆ ಸಲ್ಲಬೇಕಾದದ್ದು ಉತ್ತರ. ಆ ಉತ್ತರ ಅಧ್ಯಾಪಕರೊಬ್ಬರ ಕೈಯಲ್ಲಿಲ್ಲ. ಕನ್ನಡದ ಅರ್ಜಿ ನಮೂನೆಗಾಗಿ ಕಚೇರಿಗಳ ಮೆಟ್ಟಿಲು ಹತ್ತಬೇಕಾದವರು, ಕನ್ನಡ ಬಲ್ಲ ಅಧ್ಯಾಪಕರೇ ಕನ್ನಡ ಹುದ್ದೆಗೆ ಬರಲೆಂದು ಕೇಳಬೇಕಾದವರು, ಪ್ಲಸ್ ಟು ಮುಗಿಸಿದ ಮಕ್ಕಳಿಗೆ ದಾರಿ ತೋರಬೇಕಾದವರು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಿರಿಯರೂ ಹೌದು.

ಆ ಟೀಚರು ಅಂದು ಬುದ್ಧಿವಾದ ಹೇಳಲಿಲ್ಲ. ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಉತ್ತರ ಬಲ್ಲವರನ್ನು ಕೇಳಿ ಬನ್ನಿ ಎಂದರಂತೆ. ಒಬ್ಬ ಹುಡುಗ ಅಜ್ಜನಿಂದ 1956ರ ದಿನಗಳ ಕತೆ ಕೇಳಿ ಬಂದ. ಇನ್ನೊಬ್ಬ ಗ್ರಾಮ ಕಚೇರಿಗೆ ಹೋಗಿ ಮಲಯಾಳದ ಅರ್ಜಿಯೊಂದನ್ನು ತಂದು, ಇದನ್ನು ನಾವೇ ಕನ್ನಡಕ್ಕೆ ತರೋಣವೇ ಎಂದು ಕೇಳಿದ. ಹುಡುಗಿ ಅಜ್ಜನ ಕತೆಯನ್ನು ಒಪ್ಪಲಿಲ್ಲ. ಅರ್ಜಿಯನ್ನು ಮಾತ್ರ ಕೈಗೆತ್ತಿಕೊಂಡಳು.